ಲಿಂಕಿಗೆ ಬಾಲ ಜೋಡಿಸುವ ಪ್ರೋಗ್ರಾಂ

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ನಾನು ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡು, ಜಯನಗರ ನಾಲ್ಕನೇ ಬ್ಲಾಕಿನ ಒಂದು ಸಣ್ಣ ಟೂರಿಸ್ಟ್ ಕಂಪನಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಓದಿದ್ದು ಧಾರವಾಡದಲ್ಲಿ, ಬಿ.ಕಾಂ. ಗ್ರಾಹಕರಿಗೆ ಕಳಿಸುವ ಇಮೇಲಿನಲ್ಲಿರುವ ಪ್ರತಿ ಲಿಂಕಿನ ಕೊನೆಗೂ ಒಂದು ಕೋಡ್ ಸೇರಿಸುವುದು ನನ್ನ ಕೆಲಸ. ಯಾರಾದರೂ ಆ ಲಿಂಕನ್ನು ಒತ್ತಿದರೆ, ಅವರು ಬಂದದ್ದು ಇಮೇಲಿನಿಂದಲೋ ಜಾಹೀರಾತಿನಿಂದಲೋ ಎಂಬುದನ್ನು ಕೋಡ್ ತಿಳಿಸುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಅದನ್ನು ಬಾಲ ಎನ್ನುತ್ತಿದ್ದೆವು.

ಕೈಯಲ್ಲಿ ಟೈಪ್ ಮಾಡುವಾಗ, ನನಗೆ ನೆರವಾಗುತ್ತಿದ್ದವರಲ್ಲಿ ಒಬ್ಬರು ಇಂಗ್ಲಿಷಿನ ದೊಡ್ಡಕ್ಷರ ಹಾಕುತ್ತಿದ್ದರು, ಇನ್ನೊಬ್ಬರು ನಡುವೆ ಗೀಟು ಸೇರಿಸುತ್ತಿದ್ದರು. ಹಾಗಾಗಿ, ಎಲ್ಲಿಂದ ಎಷ್ಟು ಜನ ಬಂದರು ಎಂದು ತೋರಿಸುವ ರಿಪೋರ್ಟಿನಲ್ಲಿ ಒಂದೇ ಇಮೇಲ್ ಮೂರು ಸಾಲಾಗಿ ಒಡೆದಿರುತ್ತಿತ್ತು. ಬೇಸತ್ತು, ಪುಸ್ತಕ ನೋಡಿಕೊಂಡೇ ಪ್ರೋಗ್ರಾಂ ಬರೆಯಲು ಕಲಿತೆ. ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಲಿಂಕ್ ಕೊಟ್ಟು, ಅದು ಇಮೇಲಿಗೋ ಜಾಹೀರಾತಿಗೋ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಬಾಲ ಸೇರಿದ ಲಿಂಕ್ ಬರುತ್ತಿತ್ತು.

"ಏನ್ ಮೇಡಂ, ಈ ಕಾಲದಲ್ಲೂ ಕಪ್ಪು ಸ್ಕ್ರೀನಾ? ಒಂದ್ ಬಟನ್ ಆದ್ರೂ ಇಡ್ಬಾರ್ದಾ?" ಎಂದು ಮ್ಯಾನೇಜರ್ ನಕ್ಕರು, ಉಳಿದವರೂ ನಕ್ಕರು.

ನಗದೆ ಇದ್ದವರು ಆಫೀಸಿನ ಫೋನ್ ನೋಡಿಕೊಳ್ಳುತ್ತಿದ್ದ ಆಪರೇಟರ್ ಒಬ್ಬರೇ. ಯಡಿಯೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸಾಫ್ಟ್‌ವೇರ್ ಅವರ ಕಂಪ್ಯೂಟರಿನಲ್ಲಿತ್ತು.

"ಮೌಸ್ ಬೇಡ್ವಂತಲ್ಲ ಇದಕ್ಕೆ? ನನಗೂ ಒಂದ್ಸಲ ಕೊಡಿ, ನೋಡ್ತೀನಿ," ಎಂದರು.

ಹಾಕಿಕೊಟ್ಟೆ. ಎರಡೇ ನಿಮಿಷಕ್ಕೆ ಹೆಡ್‌ಫೋನ್ ಕಿತ್ತರು. "ಅಂದ ಕಾಣ್ಲಿ ಅಂತ ಗೀಟು ಹಾಕಿದೀರಾ ಮೇಡಂ? ಡ್ಯಾಶ್ ಡ್ಯಾಶ್ ಡ್ಯಾಶ್ ಅಂತ ತಲೆ ತಿಂತಿದೆ. ಆಮೇಲೆ, ತಪ್ಪು ಹೆಸರು ಹೊಡೆದ್ರೆ ಏನೂ ಹೇಳಲ್ವಲ್ಲ ಇದು?"

"ಹೇಳ್ತದಲ್ರೀ ಸರ. ಅಕ್ಷರ ಕೆಂಪಾಗ್ತಾವ," ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಫೋನ್ ರಿಂಗಾದರೂ ಎತ್ತದಷ್ಟು ನಕ್ಕರು.

ಮರುದಿನ ಗೀಟುಗಳನ್ನೆಲ್ಲ ತೆಗೆದೆ. ಏನು ತಪ್ಪಾಯಿತು, ಸರಿಯಾದ ಹೆಸರುಗಳು ಯಾವುವು ಎಂಬುದನ್ನು ಬಣ್ಣದ ಬದಲು ಪದಗಳಲ್ಲಿ ಬರೆದೆ. ಆಮೇಲೆ ಬಿಡುವಿದ್ದಾಗಲೆಲ್ಲ ನನ್ನ ಪಾಲಿನ ಐದಾರು ಲಿಂಕುಗಳನ್ನು ಅವರೇ ಕೇಳಿ ಪಡೆದು ಮಾಡುತ್ತಿದ್ದರು.

ದೀಪಾವಳಿ ಪ್ರವಾಸಗಳ ಇಮೇಲ್ ಹೋಗಬೇಕಾಗಿದ್ದ ದಿನ ನನಗೆ ಚಳಿಜ್ವರ. ಬರಲಾಗದು ಎಂದು ಫೋನ್ ಮಾಡಿದೆ. ಮ್ಯಾನೇಜರ್ ಇಮೇಲನ್ನೇ ಮುಂದೂಡಲು ಹೊರಟಾಗ ಆಪರೇಟರ್, "ಕೊಡಿ ಸಾರ್, ನಾನು ಮಾಡ್ತೀನಿ. ಫೋನ್ ಮಾತ್ರ ನೀವು ನೋಡ್ಕೊಳಿ," ಎಂದರಂತೆ. ಅರವತ್ತು ಲಿಂಕು. ಊಟದ ಹೊತ್ತಿಗೆ ಮುಗಿಸಿ, ಒಂದೊಂದನ್ನೂ ಮತ್ತೆ ಕಿವಿಗೊಟ್ಟು ಕೇಳಿ, ಕಳಿಸಿದ್ದರು. ಅಷ್ಟು ಹೊತ್ತು ಫೋನ್ ಎತ್ತಿದ್ದು ಮ್ಯಾನೇಜರೇ.

ಮೂರನೇ ದಿನ ನಾನು ಹೋದಾಗ ಮ್ಯಾನೇಜರ್ ರಿಪೋರ್ಟ್ ತೋರಿಸಿದರು. ಒಂದನ್ನೂ ಕೈಯಲ್ಲಿ ಟೈಪ್ ಮಾಡದೆ ಎಲ್ಲವನ್ನೂ ಪ್ರೋಗ್ರಾಮಿನಲ್ಲೇ ಮಾಡಿದ್ದರಿಂದ, ದೀಪಾವಳಿ ಇಮೇಲ್ ಮೊದಲ ಸಲ ಒಂದೇ ಸಾಲಿನಲ್ಲಿ ಕೂತಿತ್ತು. "ಬಟನ್ ಗಿಟನ್ ಏನೂ ಬೇಡ ಮೇಡಂ. ಹಿಂಗೇ ಇರ್ಲಿ," ಎಂದರು.

ಮುಂದಿನ ತಿಂಗಳಿಂದ ಆ ಕೆಲಸ ಪೂರ್ತಿ ಆಪರೇಟರರದ್ದಾಯಿತು, ಅವರ ಮೇಜು ನನ್ನ ಪಕ್ಕಕ್ಕೆ ಬಂತು. ಹೊಸದಾಗಿ ಸೇರಿದವರಿಗೆಲ್ಲ ಅವರೇ ಕಲಿಸುತ್ತಿದ್ದರು. ಕಲಿಸಿ ಮುಗಿಸಿ, "ಡೌಟ್ ಇದ್ರೆ ಕೇಳಿ. ಇದನ್ನ ಬರೆದವರು ಇಲ್ಲೇ ಕೂತಿದಾರೆ," ಎಂದು ನನ್ನತ್ತ ಕೈ ತೋರಿಸುತ್ತಿದ್ದರು. ನಾನು ಕೆಲಸದಲ್ಲಿ ಮುಳುಗಿದವಳಂತೆ ತಲೆ ಎತ್ತುತ್ತಿರಲಿಲ್ಲ. ಆದರೆ ಆ ಮಾತನ್ನು ಎಷ್ಟು ಸಲ ಕೇಳಿದರೂ ನನಗೆ ಸಾಕೆನಿಸಲಿಲ್ಲ.