ಒಂದೇ ಭಾಷಣ, ಮೂರು ಊರು

ಬ್ರಿಟಿಷರ ಕಾಲದಲ್ಲಿ ನಾನು ಕೊಡಗಿನ ಶಾಲಾ ಇನ್ಸ್‌ಪೆಕ್ಟರನಾಗಿದ್ದೆ. ಕೊನೆಯ ತರಗತಿ ಮುಗಿಸಿ ಮಡಿಕೇರಿಗೆ ಪರೀಕ್ಷೆ ಬರೆಯಲು ಹೊರಟ ಮಕ್ಕಳ ಬೀಳ್ಕೊಡುಗೆಗೆ ಎಲ್ಲ ಶಾಲೆಯವರೂ ನನ್ನನ್ನೇ ಕರೆಯುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಒಂದೇ ಭಾಷಣ. ಮಡಿಚಿ ಮಡಿಚಿ ಕಾಗದ ಹರಿಯುವಂತಾಗಿತ್ತು. ಊರಿನ ಹೆಸರು ಬರುವ ಕಡೆ ಮಾತ್ರ ಖಾಲಿ ಬಿಟ್ಟಿದ್ದೆ. ದಿನಾ ಅದೇ ಅನ್ನ ಉಣ್ಣುವುದಿಲ್ಲವೇ? ಕೊನೆಗೆ ಎರಡೂ ಕೈ ಎತ್ತಿ, "ಮಕ್ಕಳೇ, ಹೋಗಿ ಬನ್ನಿ" ಎಂದರೆ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಅದರ ಜಂಬ ಬಹಳ.

ಆ ವರ್ಷ ಶನಿವಾರಸಂತೆಯಲ್ಲಿ ಭಾಷಣ ಶುರುಮಾಡಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳ ತುಟಿ ನನ್ನ ಜೊತೆಗೇ ಅಲ್ಲಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ನನಗಿಂತ ಒಂದು ಮಾತು ಮುಂದೆಯೇ ಹೋದಳು. ಪಕ್ಕದವರು ಕಿಸಕ್ಕನೆ ನಕ್ಕರು. ನನಗೋ ಮೂಗಿನ ತುದಿಯಲ್ಲೇ ಕೋಪ.

"ಏನಮ್ಮಾ, ಮಿಕ್ಕಿದ್ದು ನೀನೇ ಹೇಳ್ತೀಯಾ?"

ಅವಳು ಎದ್ದು ನಿಂತಳು. "ಸಾರ್, ಅಪ್ಪ ಫಾರೆಸ್ಟ್ ಗಾರ್ಡು. ಟ್ರಾನ್ಸ್‌ಫರ್ ಆದಲ್ಲೆಲ್ಲ ನಾನೂ ಹೋಗ್ತೀನಿ. ಸಂಪಾಜೆಲಿ ನೀವು 'ಹೋಗಿ ಬನ್ನಿ' ಅಂದ್ರಿ, ಫೇಲಾಗಿ ಬಂದೆ. ವಿರಾಜಪೇಟೆಲೂ ಅಂದ್ರಿ, ಅಲ್ಲೂ ಹೋಗಿ ಬಂದೆ. ಇದೇ ಕೊನೆ ಸಲ, ಫೇಲಾದ್ರೆ ಮನೇಲಿರು ಅಂದಿದಾರೆ ಅಪ್ಪ. ಈ ಸಲ 'ಬನ್ನಿ' ಅನ್ಬೇಡಿ ಸಾರ್."

ಸಭೆಗೆ ಸಭೆಯೇ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ಆದರೆ ಅವಳು ನಗುತ್ತಿರಲಿಲ್ಲ. ಹೊಸಿಲು ದಾಟುವವರಿಗೆ ಬರೀ "ಹೋಗು" ಎನ್ನುವ ಕೆಟ್ಟ ನಾಲಿಗೆ ಯಾರಿಗಿದೆ? ಹಾಗೂ ಅನ್ನಲಾರೆ, ಹೀಗೂ ಅನ್ನಲಾರೆ. ನಾಚಿಕೆಯಾಗಿ ಕಾಗದ ಮಡಿಚಿಟ್ಟೆ. ಆಗ, ಹೆಂಡತಿಗೂ ಹೇಳದಿದ್ದ ಮಾತು ಬಾಯಿಗೆ ಬಂದುಬಿಟ್ಟಿತು.

"ಇದೇ ಪರೀಕ್ಷೆಲಿ ನಾನೂ ಎರಡು ಸಲ ಫೇಲಮ್ಮ. ಮೂರನೇ ಸಲ ನಮ್ಮಪ್ಪ ಬೈಕೊಂಡೇ ಕಳಿಸಿದ್ರು."

ನಗು ನಿಂತಿತು. ಹೆಡ್ಮಾಸ್ತರರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಬಾಗಿಲ ಹತ್ತಿರ ಖಾಕಿ ತೊಟ್ಟವರೊಬ್ಬರು ಟೋಪಿ ತೆಗೆದು ಎದ್ದರು. ಅವಳ ಅಪ್ಪ.

"ಎರಡು ಸಲ ಫೇಲಾದೋರೂ ಇನ್ಸ್‌ಪೆಕ್ಟರಾಗ್ತಾರೆ ಅಂತ ನಂಗೊತ್ತಿರ್ಲಿಲ್ಲ ಸಾರ್. ಕೊನೆ ಸಲ ಅಂದಿದ್ದು ವಾಪಸ್ ತಕೊಂಡೆ. ಪಾಸಾಗೋ ತನಕ ಅವಳು ಪರೀಕ್ಷೆಗೆ ಕೂರ್ಲಿ."

"ಬೇಡಪ್ಪ," ಎಂದಳು ಹುಡುಗಿ, ಅಳುತ್ತಾ ನಗುತ್ತಾ. "ಆ ಭಾಷಣ ಇನ್ನೊಂದು ಸಲ ಕೇಳೋಕೆ ನನ್ನಿಂದಾಗಲ್ಲ."

ಆ ಸಲವೇ ಪಾಸಾದಳು. ಪಟ್ಟಿಯಲ್ಲಿ ಅವಳ ನಂಬರನ್ನು ಬೆರಳಿಟ್ಟು ಮತ್ತೆ ಮತ್ತೆ ಓದಿಕೊಂಡೆ. ನಾನು ಪಾಸಾದ ದಿನ ಕೂಡ ಅಷ್ಟು ಖುಷಿಯಾಗಿರಲಿಲ್ಲ.