ಮಾವನ ಎಡಗಾಲು

ಅರವತ್ತರ ದಶಕದಲ್ಲಿ ಅಕ್ಕಿಆಲೂರಿನ ನನ್ನ ಸೋದರಮಾವ ಸೆಕೆಂಡ್ ಹ್ಯಾಂಡ್ ಸಣ್ಣ ಕಾರೊಂದನ್ನು ಕೊಂಡ. ತಿರುಗಾಡಲಿಕ್ಕಲ್ಲ, ಊರ ಮುಂದೆ ಮೆರೆಯಲಿಕ್ಕೆ. ಅಲ್ಲಿಯತನಕ ಅವನು ಓಡಿಸಿದ್ದು ಎತ್ತಿನ ಚಕ್ಕಡಿ ಮಾತ್ರ. ಚಕ್ಕಡಿಯ ಮುಂದೆ ಚಾಚಿದ ಮೂಕಿಮರದ ಮೇಲೆ ಕಾಲು ಊರಿಕೊಂಡು ಕೂಡುತ್ತಿದ್ದಂತೆಯೇ ಕಾರಿನಲ್ಲೂ ದಾರಿಯುದ್ದಕ್ಕೂ ಎಡಗಾಲನ್ನು ಕ್ಲಚ್ಚಿನ ಮೇಲೆ ಊರಿಕೊಂಡೇ ಕೂಡುತ್ತಿದ್ದ.

ಒಂದು ದಿನ ಹಾನಗಲ್ ದಾರಿಯ ದಿಬ್ಬದಲ್ಲಿ ಕಾರು ಗಂಟಲು ಹರಿಯುವಂತೆ ಒದರಿತೇ ಹೊರತು ಒಂದು ಗೇಣೂ ಮುಂದೆ ಹೋಗಲಿಲ್ಲ. ಸುಟ್ಟ ನಾತ ಬಂತು. ಹಿಂದೆ ಕೂತಿದ್ದ ಅತ್ತೆಗೂ ನನಗೂ ಮಾವ ಗದರಿದ: "ಹಿಂಭಾರ ಆಗೇತಿ, ಮುಂದ ಬಗ್ರಿ!" ಚಕ್ಕಡಿಯಲ್ಲಿ ಬಗ್ಗುವಂತೆ ಬಗ್ಗಿದೆವು. ಕಾರಿಗೆ ಅದರ ಪರಿವೆಯೇ ಇರಲಿಲ್ಲ. ಕಡೆಗೆ ದಿಬ್ಬದ ಕೆಳಗಿನ ಹೊಲದವನು ತನ್ನ ಎತ್ತು ಹೂಡಿ ಎಳೆಸಿದ. ಮಾವ ಒಳಗೆ ಕೂತು ಗತ್ತಿನಿಂದ ಹಾರ್ನ್ ಒತ್ತುತ್ತಿದ್ದ.

ಹಾನಗಲ್ಲಿನ ಮೆಕ್ಯಾನಿಕ್ ಹೊಸ ಕ್ಲಚ್ ಪ್ಲೇಟ್ ಹಾಕಿದ. "ಸಾವ್ಕಾರ್ರ, ಪ್ಲೇಟ್ ಸುಟ್ರ ಎಂಜಿನ್ ತಿರಗತೈತಿ, ಗಾಲಿ ತಿರಗಂಗಿಲ್ಲ. ಕ್ಲಚ್ಚಿನ ಮ್ಯಾಲ ಕಾಲು ಊರಿಕೊಂಡ ಕುಂತ್ರ ಅದು ಸುಡತೈತಿ. ಗೇರ್ ಬಿದ್ದ ಮ್ಯಾಲ ಆ ಕಾಲು ತಗೀರಿ," ಎಂದ.

"ನೀ ಹುಟ್ಟೋಕಿಂತ ಮೊದ್ಲ ಚಕ್ಕಡಿ ಹೊಡದವ ನಾನು. ನನಗ ಕಾಲಿಡಾಕ ಕಲಸ್ತೀಯೇನಲೇ?" ಎಂದು ಮಾವ ರೇಗಿದ.

ಮಳೆಗಾಲ ಮುಗಿಯುವುದರೊಳಗೆ ಇನ್ನೆರಡು ಪ್ಲೇಟು ಸುಟ್ಟವು. ಪ್ರತಿ ಸಲವೂ ಅದೇ ದಿಬ್ಬ, ಅವೇ ಎತ್ತು. ಕಡೆಕಡೆಗೆ ನಮ್ಮ ಹಾರ್ನ್ ಕೇಳಿದರೆ ಸಾಕು, ಆ ಎತ್ತುಗಳು ಮೇಯುವುದನ್ನು ಬಿಟ್ಟು ತಾವಾಗಿಯೇ ರಸ್ತೆಗೆ ಬಂದು ನಿಲ್ಲುವುದನ್ನು ಕಲಿತವು. ಮಾವ ಕಾಲೆತ್ತುವುದನ್ನು ಕಲಿಯಲಿಲ್ಲ.