ಐಲ್ಸಾಳ ಬಿಳಿ ಮೊಟ್ಟೆಗಳು

ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜ್ ತಿಂದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕ್ಲೈವ್ ಮೊಟ್ಟೆಯ ತಟ್ಟೆಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಒರೆಸಿಕೊಂಡದ್ದು ಬಲಗೈ, ಟೊಮೇಟೊ ಸಾಸ್ ಇದ್ದದ್ದು ಎಡಗೈಯಲ್ಲಿ. ಐಲ್ಸಾ ಪ್ರಿಚರ್ಡಳ ಆರು ಬಿಳಿ ಮೊಟ್ಟೆಗಳಲ್ಲಿ ಒಂದರ ಮೇಲೆ ಅವನ ಹೆಬ್ಬೆರಳು ಕೆಂಪಗೆ ಮೂಡಿತು. ಅತ್ತಿತ್ತ ನೋಡಿ, ಕರ್ಚೀಫಿಗೆ ಉಗುಳು ಹಚ್ಚಿ ತಿಕ್ಕಿದ. ಕಲೆ ಹೋಯಿತು. ಜೊತೆಗೆ ಚಿಪ್ಪಿನ ಮೇಲಿನ ತೆಳುವಾದ ಮಬ್ಬು ಪೊರೆಯೂ ಹೋಗಿ, ಅಷ್ಟು ಜಾಗ ಅವನ ಬೋಳುತಲೆಯ ಹಾಗೆಯೇ ಮಿಂಚತೊಡಗಿತು.

ವರ್ರಾನೂಕಿನ ಕೃಷಿ ಮೇಳದಲ್ಲಿ ತೊಳೆದ ಮೊಟ್ಟೆಗೆ ಬಹುಮಾನವಿಲ್ಲ. ಮೊಟ್ಟೆ ವಿಭಾಗದ ಉಸ್ತುವಾರಿ ಕ್ಲೈವ್‌ಗೆ ಸಿಕ್ಕಿ ಅರ್ಧ ಗಂಟೆಯಾಗಿತ್ತು.

ಬೇರೆ ಯಾರ ಮೊಟ್ಟೆಯಾಗಿದ್ದರೂ ಅವನು ಅಷ್ಟು ಬೆವರುತ್ತಿರಲಿಲ್ಲ. ಎಪ್ಪತ್ಮೂರರ ಐಲ್ಸಾ ಮೂವತ್ತು ವರ್ಷದಿಂದ ಸಿಟ್ಟಿನಲ್ಲೇ ಇದ್ದವಳು. ಊರಾಚೆ ಅವಳ ನಲವತ್ತು ಲೆಗ್‌ಹಾರ್ನ್ ಕೋಳಿಗಳು. ಮೈ ಬಿಳಿ, ಇಡುವ ಮೊಟ್ಟೆಯೂ ಬಿಳಿ. ಅಂಗಡಿಗಳಿಂದ ಬಿಳಿ ಮೊಟ್ಟೆ ಕಣ್ಮರೆಯಾದ ಮೇಲೆ ಊರಿನವರ ಪಾಲಿಗೆ ಮೊಟ್ಟೆ ಎಂದರೆ ಕಂದು, ಕಂದು ಎಂದರೆ ಆರೋಗ್ಯ. ಅವಳ ಗೇಟಿನೆದುರು ಕಾರು ನಿಲ್ಲಿಸಿ, ಡಬ್ಬಿಯ ಮುಚ್ಚಳ ತೆಗೆದು ಮೂಗು ಮುರಿಯುವರು.

“ಬ್ಲೀಚ್ ಮಾಡಿದೀರಾ?”

“ನೀವು ಹಲ್ಲಿಗೆ ಮಾಡಿಸ್ಕೊಂಡಿದೀರಲ್ಲ, ಹಾಗಾ?”

ಅಷ್ಟಕ್ಕೇ ಬಿಡದೆ ಕೋಳಿಯೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬರುವಳು. “ಇದರ ಕಿವಿ ನೋಡಿ! ಬಿಳೀ ಕಿವಿ ಜಾತಿ ಸಾಮಾನ್ಯವಾಗಿ ಬಿಳೀದಿಡುತ್ತೆ, ಕೆಂಪು ಕಿವಿ ಜಾತಿ ಕಂದು ಇಡುತ್ತೆ. ಒಳಗಿರೋದು ತಿಂದ ಮೇವಿನ ಗುಣ. ಬಣ್ಣದಲ್ಲಿ ಏನೂ ಇಲ್ಲ!” ಅಷ್ಟರಲ್ಲಿ ಗಿರಾಕಿ ಕಾರು ಹತ್ತಿರುತ್ತಿದ್ದ. ಕೊನೆಗೆ ಗೇಟಿಗೆ ಹಲಗೆ ತೂಗುಹಾಕಿದಳು: ‘ಮೊಟ್ಟೆ. ಬಿಳಿ. ಹುಟ್ಟಿದ್ದೇ ಹೀಗೆ. ವಾದ ಬೇಡ.’

ಈ ವರ್ಷ ಅವಳ ಸಿಟ್ಟಿಗೆ ಹೊಸ ಕಾರಣ ಸಿಕ್ಕಿತ್ತು. ಮೇಳದ ಬಿಳಿ ಮೊಟ್ಟೆ ವಿಭಾಗಕ್ಕೆ ಬರುವುದು ಅವಳದೊಂದೇ ತಟ್ಟೆ. ಈ ಸಲ ಅದೂ ಬಹುಮಾನಕ್ಕೆ ಯೋಗ್ಯವಲ್ಲದಿದ್ದರೆ ವಿಭಾಗವನ್ನೇ ತೆಗೆದುಹಾಕುವುದಾಗಿ ಅಧ್ಯಕ್ಷೆ ಲಾರೇನ್ ಪತ್ರ ಬರೆದಿದ್ದಳು.

ತೀರ್ಪುಗಾರ ಬ್ಯಾರಿ ಪರವೂರಿನವನು. ಮೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ.

“ತೊಳೆದಿದಾರೆ. ಔಟ್.”

ಹಗ್ಗದಾಚೆ ನಿಂತಿದ್ದ ಐಲ್ಸಾ ಹಗ್ಗದಡಿಯಲ್ಲಿ ನುಗ್ಗಿ ಬಂದಳು. “ನಾನಾ? ಮೊಟ್ಟೆ ತೊಳೆಯೋಳಾ? ಬೆಳಿಗ್ಗೆಯಿಂದ ನನ್ ಮುಖ ತೊಳೆಯಕ್ಕೇ ಪುರುಸೊತ್ತಿಲ್ಲ!”

ಕ್ಲೈವ್‌ಗೆ ಮೇಜಿನ ಕೆಳಗೆ ಅಡಗಿಕೊಳ್ಳೋಣ ಅನ್ನಿಸಿತು. ಆದರೆ ಅವನ ಹೊಟ್ಟೆ ಹಿಡಿಸುವ ಮೇಜು ಅಲ್ಲಿರಲಿಲ್ಲ.

“ತೊಳೆದೋನು ನಾನು,” ಎಂದ. “ಸಾಸ್ ಹತ್ತಿತ್ತು. ಉಗುಳು ಹಚ್ಚಿ ಒರೆಸಿದೆ.”

“ಯಾರ ಉಗುಳು?”

“ನಂದೇ.”

“ಕತ್ತೆ! ಐವತ್ತು ದಾಟಿದೆ ನಿಂಗೆ. ತೊಳೀಬೇಕಾದ ಕೈ ತೊಳೆಯಲ್ಲ, ತೊಳೀಬಾರದ ಮೊಟ್ಟೆ ತೊಳೀತೀಯಾ?”

ಲಾರೇನ್ ನಡುವೆ ಬಂದಳು. “ಅಯ್ಯೋ ಪಾಪ. ಹಾಗಾದ್ರೆ ಉಳಿದಿದ್ದು ಐದೇ. ಆರಿರಬೇಕು ಅನ್ನೋದು ನಿಯಮ. ಏನ್ಮಾಡೋದು, ವಿಭಾಗ ಮುಗೀತು ಅಂತ ಕಾಣುತ್ತೆ.” ಆ ‘ಪಾಪ’ದಲ್ಲಿ ಮರುಕಕ್ಕಿಂತ ನಿರಾಳವೇ ಹೆಚ್ಚಿತ್ತು.

ಐಲ್ಸಾ ದನಿ ತಗ್ಗಿಸಿದಳು. ಕಿರುಚಾಟಕ್ಕಿಂತ ಅದೇ ಕ್ಲೈವ್‌ಗೆ ಹೆಚ್ಚು ಭಯ ಹುಟ್ಟಿಸಿತು.

“ಬ್ಯಾರಿ, ಪ್ರತಿ ತಟ್ಟೆಯಿಂದ ಒಂದು ಮೊಟ್ಟೆ ಒಡೆದು ನೋಡ್ತೀರಲ್ಲ, ಯಾವುದನ್ನ ಒಡೀಬೇಕು ಅಂತ ನಿಯಮದಲ್ಲಿದೆಯಾ?”

ಬ್ಯಾರಿ ನಿಯಮದ ಪುಸ್ತಕವನ್ನು ಹಿಂದೆ ಮುಂದೆ ಮಗುಚಿದ. “ಇಲ್ಲ.”

“ಹಾಗಾದ್ರೆ ಇವನು ಉಗುಳು ಹಚ್ಚಿದ್ದನ್ನೇ ಒಡೀರಿ. ಹೇಗೂ ಒಡೆದ ಚಿಪ್ಪನ್ನ ಎಸೀತೀರಲ್ಲ.”

ಅವನು ಒಡೆದ. ಹಳದಿ ಭಂಡಾರ ಸಾಸರಿನಲ್ಲಿ ಎತ್ತರವಾಗಿ, ದುಂಡಗೆ ಕೂತಿತು. ಸುತ್ತಲಿನ ಲೋಳೆ ನೀರಾಗಿ ಹರಿಯದೆ ಗಟ್ಟಿಯಾಗಿ ನಿಂತಿತು. ಪಕ್ಕದಲ್ಲೇ ಮೊದಲ ಸ್ಥಾನ ಪಡೆದ ಕಂದು ಮೊಟ್ಟೆಯ ಸಾಸರಿತ್ತು. ಬ್ಯಾರಿ ಇದನ್ನು ನೋಡಿದ, ಅದನ್ನು ನೋಡಿದ, ಮತ್ತೆ ಇದನ್ನು ನೋಡಿದ. ಚೀಟಿಗಳಿಲ್ಲದಿದ್ದರೆ ಯಾವುದು ಯಾವ ಚಿಪ್ಪಿನಿಂದ ಬಂದದ್ದೆಂದು ಅವನಿಗೂ ಹೇಳಲಾಗುತ್ತಿರಲಿಲ್ಲ. ಉಳಿದ ಐದು ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ, ಮೊದಲ ಬಹುಮಾನದ ನೀಲಿ ಪಟ್ಟಿಯನ್ನು ತಟ್ಟೆಯ ಮೇಲಿಟ್ಟ. ವಿಭಾಗ ಉಳಿಯಿತು.

ಐಲ್ಸಾಳ ಸಿಟ್ಟು ಮಾತ್ರ ಇಳಿಯಲಿಲ್ಲ. ಪಟ್ಟಿಗೆ ಅವಳು ಪಿನ್ನು ಚುಚ್ಚಿದ ರಭಸಕ್ಕೆ ಕ್ಲೈವ್ ಎರಡು ಹೆಜ್ಜೆ ಹಿಂದೆ ಸರಿದ.

ಲಾರೇನ್ ನಗುವನ್ನು ಎಳೆದು ತಂದಳು. “ಒಂದು ಮಾತು ಕೇಳ್ಲಾ ಐಲ್ಸಾ? ವರ್ಷ ವರ್ಷ ಈ ರಂಪ ಯಾಕೆ? ಕಂದು ಮೊಟ್ಟೆ ಇಡೋ ನಾಲ್ಕು ಕೋಳಿ ನೀವೂ ಸಾಕಬಾರ್ದಾ?”

“ಸಾಕಿದ್ದೆ,” ಎಂದಳು ಐಲ್ಸಾ. “ರುಚಿಯಾಗಿದ್ವು.”